ಬೆಂಚಿನ ಜಾಗದಲ್ಲಿ ಸೈಕಲ್ಲು

ಹೂಡೆ
೨೦ ಆಗಸ್ಟ್ ೨೦೨೫, ಬುಧವಾರ

ಪ್ರೀತಿಯ ಅಮ್ಮಾ,

ಮೊಣಕಾಲು ನೋವು ಹೇಗುಂಟು? ಬೆಳಿಗ್ಗೆಯ ಬಿ.ಪಿ. ಮಾತ್ರೆ ಮರೆಯುವುದಿಲ್ಲ ತಾನೆ? ಇಷ್ಟು ಕೇಳುವ ಹಕ್ಕಾದರೂ ನನಗೆ ಉಳಿದಿದೆ ಎಂದುಕೊಂಡಿದ್ದೇನೆ. ನಾನು ಫೋನ್ ಮಾಡಿದಾಗಲೆಲ್ಲ ನೀನು ಸ್ನಾನಕ್ಕೆ ಹೋಗಿರುತ್ತೀ. ಮಳೆಗಾಲದಲ್ಲಿ ಇಷ್ಟು ಸಲ ಸ್ನಾನ ಮಾಡಿದರೆ ಶೀತವಾದೀತು ಎಂದು ಹರಿಣಾಕ್ಷಿಗೆ ಹೇಳಿದರೆ, ನಿನ್ನ ಮಗಳು ಅಣ್ಣ ಎಂಬ ಕನಿಕರವೂ ಇಲ್ಲದೆ ನಕ್ಕಳು. ಅದಕ್ಕೇ ಈ ಕಾಗದ. ಕನ್ನಡಕ ಹಾಕಿಕೊಂಡು ನೀನೇ ಓದು; ಅವಳು ಓದಿದರೆ ನಡುನಡುವೆ ನಗುತ್ತಾಳೆ.

ಇಲ್ಲಿ ನಾವು ಕ್ಷೇಮ. ನಿನ್ನ ಸೊಸೆ ಕಾವ್ಯಳ ಕೆಮ್ಮು ಬಿಟ್ಟಿದೆ. ವ್ಯಾಯಾಮದ ಸೈಕಲ್ಲೂ ಕ್ಷೇಮ. ಜಗಲಿಯಲ್ಲಿ ನಿನ್ನ ಬೆಂಚಿದ್ದ ಜಾಗದಲ್ಲಿ ನಿಂತು, ಎಲ್ಲಿಗೂ ಹೋಗದೆ, ಹ್ಯಾಂಡಲಿನ ಮೇಲೆ ನನ್ನ ಬನಿಯನ್ನನ್ನೂ ಸೀಟಿನ ಮೇಲೆ ಲುಂಗಿಯನ್ನೂ ಒಣಗಿಸುತ್ತಿದೆ. ಈ ಮಳೆಗಾಲದಲ್ಲಿ ಅದು ಮಾಡಿದ ಆರೋಗ್ಯಸೇವೆ ಅಷ್ಟೇ.

ಮಣಿಪಾಲದ ಡಾಕ್ಟರು ಹೇಳಿದ್ದು ನಿನಗೆ ಬಿ.ಪಿ. ಸ್ವಲ್ಪ ಹೆಚ್ಚುಂಟು, ಉಪ್ಪು ಕಡಿಮೆ ಮಾಡಿ, ಸ್ವಲ್ಪ ನಡೆಯಿರಿ ಎಂದು ಮಾತ್ರ. ಮನೆಯ ಆಡಳಿತವನ್ನೇ ನನಗೆ ವಹಿಸಿಕೊಟ್ಟರು ಎಂದು ನಾನು ತಿಳಿದೆ. ಬೇಸಗೆಗೆ, ಮಳೆಗಾಲಕ್ಕೆ, ಚಳಿಗಾಲಕ್ಕೆ ಬೇರೆ ಬೇರೆ ದಿನಚರಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ಚಳಿಯೇ ಬಾರದ ಹೂಡೆಗೆ ಚಳಿಗಾಲದ್ದು ಯಾಕೆ ಎಂದು ಕಾವ್ಯ ಕೇಳಿದ್ದಕ್ಕೆ, ಶಿಸ್ತು ಎಂದೆ. ಗಂಜಿಯ ಬದಲು ಓಟ್ಸ್, ಒಣಮೀನಿನ ಚಟ್ನಿಯ ಬದಲು ಸೌತೆಕಾಯಿ. ಅದನ್ನೂ ನೀನು ನುಂಗಿಕೊಂಡೆ. ಆದರೆ ಸಂಜೆ ನಾಲ್ಕಕ್ಕೆ ಪಕ್ಕದ ಮನೆಯ ಜೆರ್ಟ್ರೂಡ್ ಬಾಯಿ ಬಂದು, ನೀವಿಬ್ಬರೂ ಆ ಬೆಂಚಿನಲ್ಲಿ ಚಾ ಕುಡಿಯುತ್ತ ಊರಿನ ಮದುವೆ, ಜಗಳ, ಸೊಸೆಯಂದಿರನ್ನೆಲ್ಲ ವಿಚಾರಿಸಿ ಮುಗಿಸುತ್ತಿದ್ದಿರಲ್ಲ, ಅದಕ್ಕೆ ನನ್ನ ದಿನಚರಿಯಲ್ಲಿ ಜಾಗವಿರಲಿಲ್ಲ. ಮಳೆಗಾಲದ ಜಗಲಿಗಾಳಿ ಎದೆಗೆ ಕೆಟ್ಟದು, ಮಾತು ಬಿ.ಪಿ.ಗೆ ಕೆಟ್ಟದು ಎಂದು ಜೆರ್ಟ್ರೂಡ್ ಬಾಯಿಯ ಎದುರೇ ಭಾಷಣ ಮಾಡಿ, ನೀವು ಏಳುತ್ತಲೇ ಬೆಂಚನ್ನು ಸೌದೆ ಕೊಟ್ಟಿಗೆಗೆ ಎಳೆದೆ. ಅವರು ಲೋಟವನ್ನು ಕಿಟಕಿಯ ದಂಡೆಯಲ್ಲಿಟ್ಟು ಹೋದರು. ಅದರಲ್ಲಿ ಇನ್ನೂ ಅರ್ಧ ಚಾ ಇತ್ತು.

ಜುಲೈ ನಡುವಿನಲ್ಲಿ ಆಟಿ ತಿಂಗಳು ಹಿಡಿದ ದಿನ ನೀನು ಚೀಲ ಕಟ್ಟಿದೆ. ಹೊಸ ಮದುಮಗಳು ಆಟಿ ಕುಳಿತುಕೊಳ್ಳಲು ತಾಯಿಮನೆಗೆ ಹೋಗುವುದು ನಮ್ಮಲ್ಲಿ ಕ್ರಮ. ಎಪ್ಪತ್ತು ದಾಟಿದ ಅತ್ತೆ ಹೋದದ್ದನ್ನು ಯಾರೂ ಕೇಳಿಲ್ಲ. ಬಸ್ಸು ಹತ್ತುವಾಗ ನೀನು, "ನನಗೆ ತಾಯಿ ಇಲ್ಲ ಮಗ, ಮಗಳಾದರೂ ಉಂಟಲ್ಲ" ಎಂದೆ. ತಮಾಷೆ ಎಂದುಕೊಂಡು ನಾನು ನಕ್ಕೆ.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ತೋಟದ ಕೆಲಸದ ಅಂಗಾರ ಪಾಲೆಮರದ ತೊಗಟೆ ತಂದುಕೊಟ್ಟ, ಕಾವ್ಯ ಕಷಾಯ ಮಾಡಿದಳು. ಆ ಕಷಾಯ ಬಹಳ ಉಷ್ಣ, ಹಿಂದೆಯೇ ಮೆಂತೆ ಗಂಜಿ ಉಣ್ಣಬೇಕು ಎಂದು ಇಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಆದರೆ ಫ್ರಿಜ್ಜಿನ ಮೇಲೆ ಗಂಜಿಯನ್ನು ನಿಷೇಧಿಸಿದವನು ನಾನೇ. ಕಾನೂನು ಮಾಡಿದವನೇ ಮುರಿಯುವುದು ಹೇಗೆ? ಖಾಲಿ ಹೊಟ್ಟೆಗೆ ಎರಡು ಲೋಟ ಕಷಾಯ ಏರಿಸಿ, ಕೆಮ್ಮಣ್ಣಿನ ಯೋಗ ತರಗತಿಯಲ್ಲಿ 'ಮಳೆಗಾಲದಲ್ಲಿ ದೇಹ ಮತ್ತು ಮನಸ್ಸು' ಎಂಬ ಉಪನ್ಯಾಸಕ್ಕೆ ನಿಂತೆ. ಮನಸ್ಸಿನ ವಿಷಯಕ್ಕೆ ಬರುವ ಮೊದಲೇ ದೇಹ ಮುಗಿಯಿತು. ಹೊಟ್ಟೆಯಲ್ಲಿ ಬೆಂಕಿ, ಕಣ್ಣಿಗೆ ಕತ್ತಲೆ. ಚಾಪೆಯ ಮೇಲೆ ಬಿದ್ದ ನನ್ನನ್ನು ಕಂಡು ಶವಾಸನ ತೋರಿಸುತ್ತಿದ್ದಾರೆಂದು ಹಿಂದಿನ ಸಾಲಿನವರೂ ಮಲಗಿದರು.

ರಿಕ್ಷಾದಲ್ಲಿ ಮನೆಗೆ ತಂದು ಹಾಕಿದಾಗ, ಸುದ್ದಿ ತಿಳಿದು ಮೆಂತೆ ಗಂಜಿ ಹಿಡಿದುಕೊಂಡು ಬಂದದ್ದು ಜೆರ್ಟ್ರೂಡ್ ಬಾಯಿ. ಒಳಗೆ ಬನ್ನಿ ಎಂದೆ, ಬರಲಿಲ್ಲ. ಜಗಲಿಯಲ್ಲಿ ಕುಳಿತುಕೊಳ್ಳೋಣವೆಂದರೆ ಅಲ್ಲಿ ಆ ಸೈಕಲ್ಲಿನ ಹೊರತು ಏನುಂಟು? ನಾನು ಉಂಡು ಮುಗಿಸುವವರೆಗೆ, ಬಾತ ಕಾಲಿನಲ್ಲಿ, ಅದರ ಹ್ಯಾಂಡಲ್ ಹಿಡಿದು ನಿಂತೇ ಇದ್ದರು. ಹೋಗುವಾಗ, "ಸರಸಕ್ಕ ಯಾವಾಗ ಬರುವುದು?" ಎಂದಷ್ಟೇ ಕೇಳಿದರು. ಹೊಟ್ಟೆಯ ಉರಿ ಆ ಮಧ್ಯಾಹ್ನವೇ ತಣಿಯಿತು. ಇನ್ನೊಂದು ಇವತ್ತಿಗೂ ತಣಿದಿಲ್ಲ. ಅವರ ಮನೆಯ ಎದುರಿನಿಂದ ಹೋಗುವಾಗ ನಾನು ಕೊಡೆಯನ್ನು ಆ ಬದಿಗೆ ವಾಲಿಸಿ ಹಿಡಿಯುತ್ತೇನೆ, ಮಳೆ ಇಲ್ಲದಿದ್ದರೂ.

ಆಟಿ ಮುಗಿದು ಸೋಣ ತಿಂಗಳು ಬಂತು. ನೀನು ಸೋಣಕ್ಕೂ ಅಲ್ಲಿಯೇ ಇರುತ್ತೀ ಎಂದು ಹರಿಣಾಕ್ಷಿ ಹೇಳಿದಳು. ನಾಲ್ಕು ಗಂಟೆಯಾದರೆ ಕಾವ್ಯ ಈಗಲೂ ಮರೆತು ಚಾಕ್ಕೆ ನೀರು ಹೆಚ್ಚು ಇಡುತ್ತಾಳೆ. ಉಳಿದ ಚಾವನ್ನು ಚೆಲ್ಲುತ್ತೇವೆ.

ಮಳೆಯಲ್ಲಿ ನೆನೆಯಬೇಡ, ಬೆಚ್ಚಗಿನ ನೀರು ಕುಡಿ ಎಂದು ಬರೆಯಹೊರಟವನು ಪೆನ್ನನ್ನು ತಡೆದು ಹಿಡಿದಿದ್ದೇನೆ. ನಿನಗೆ ಹೇಗೆ ಬೇಕೋ ಹಾಗಿರು. ಭಾವನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಕಾಲು ಮುಟ್ಟಿದ್ದೇನೆ ಎಂದು ತಿಳಿ. ನೋವಿರುವ ಮೊಣಕಾಲನ್ನು ಬಿಟ್ಟು.

ನಿನ್ನ ಮಗ
ಗಣಪ

ಇನ್ನೊಂದು ಮಾತು: ಈ ಕಾಗದ ಮಡಚುವ ಮೊದಲು ಸೈಕಲ್ಲನ್ನು ಕೊಟ್ಟಿಗೆಗೆ ಹಾಕಿ ಬೆಂಚನ್ನು ಜಗಲಿಗೆ ತಂದೆ. ಅಂದು ಎಳೆಯುವಾಗ ಮುರಿದಿದ್ದ ಕಾಲನ್ನು ಚಂದು ಆಚಾರಿ ಸರಿ ಮಾಡಿದ್ದಾರೆ. ಜೆರ್ಟ್ರೂಡ್ ಬಾಯಿ ಬಂದು ಮುಟ್ಟಿ ನೋಡಿದರು, ಕುಳಿತುಕೊಳ್ಳಲಿಲ್ಲ. ಆಟಿ ಮುಗಿದ ಮೇಲೆ ಮದುಮಗಳನ್ನು ಗಂಡನ ಮನೆಯವರು ಹೋಗಿ ಕರೆಯಬೇಕಲ್ಲ, ಭಾನುವಾರ ಬೆಳ್ಮಣ್ಣಿಗೆ, ಹರಿಣಾಕ್ಷಿಯ ಮನೆಗೆ ಬರುತ್ತೇನೆ. ನಾನೊಬ್ಬನೇ ಬಂದರೆ ನೀನು ಸ್ನಾನಕ್ಕೆ ಹೋಗಿಬಿಡುತ್ತೀ ಎಂದು ಜೆರ್ಟ್ರೂಡ್ ಬಾಯಿಯನ್ನು ಬೇಡಿಕೊಂಡೆ, ಬರುತ್ತಾರಂತೆ. ಅವರು ಒಳಗೆ ಬರಲಿ. ನೀನು ಕುಳಿತುಕೋ ಎನ್ನುವವರೆಗೆ ನಾನು ಅಂಗಳದಲ್ಲಿ ನಿಂತಿರುತ್ತೇನೆ.