ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ

ಆಳಂದ
೧೨ ಅಕ್ಟೋಬರ್ ೨೦೨೫, ರವಿವಾರ

ಗೆಳೆಯ ಕಲ್ಲಿನಾಥನಿಗೆ ಧರ್ಮರಾಜನ ಶರಣು.

ನಿನ್ನ ಮಗಳ ನಿಶ್ಚಯಕ್ಕೆ ನೀನು ಯಡ್ರಾಮಿಗೆ ಕರೆದಿದ್ದೆ, ನಾನು ಬರಲಿಲ್ಲ. ಬರಲಿಲ್ಲ ಯಾಕೆಂದು ತಿಳಿಸಲೂ ಇಲ್ಲ. ಬೈಯಿ, ಬೈಸಿಕೊಳ್ಳಲು ಸಿದ್ಧನಾಗಿಯೇ ಬರೆಯುತ್ತಿದ್ದೇನೆ. ಫೋನು ಇರಲಿಲ್ಲವೇನೋ ಅನ್ನಬೇಡ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀನು ನಗುತ್ತೀ, ನೀನು ನಕ್ಕರೆ ನಾನು ಮಾತು ಬೆಳೆಸುತ್ತೇನೆ, ಹೇಳಬೇಕಾದದ್ದು ಅಲ್ಲೇ ಉಳಿದುಹೋಗುತ್ತದೆ. ಕಾಗದ ನಗುವುದಿಲ್ಲ. ಆದರೂ ಒಂದು ಕಡೆ ಕೂತು ಬರೆಯಲಾಗುತ್ತಿಲ್ಲ. ಎರಡು ಸಾಲು ಬರೆದರೆ ಎದ್ದು ಅಂಗಳಕ್ಕೆ ಹೋಗುತ್ತೇನೆ, ಮತ್ತೆ ಬರುತ್ತೇನೆ. ಕೂತರೆ ಕೂಡು, ಇಲ್ಲದಿದ್ದರೆ ಹಾಲಾದರೂ ತಂದುಕೊಡು ಎಂದು ನಮ್ಮ ಮನೆಯಾಕೆ ಗಂಗಾಬಾಯಿ ಈಗಷ್ಟೇ ಗದರಿಸಿ ಹೋದಳು.

ಈ ವರ್ಷ ಕಾಲೇಜಿನಲ್ಲಿ ನನ್ನ ಪಾಲಿಗೆ ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್ ಬಂದಿದೆ. ಮೊದಲ ದಿನ ಪಾಠ ಮಾಡುವ ಹಾಗಿಲ್ಲ, ನಿಯಮ ಓದಿಹೇಳಬೇಕು. ಬೇರೆಯವರು ಆ ಹಾಳೆಯನ್ನು ಹಂಚಿ ಸುಮ್ಮನಾಗುತ್ತಾರೆ. ನಾನು ಗೊಬ್ಬೂರಿನ ನಾಟಕದ ಮಾಸ್ತರ ಮಾಳಿಂಗಪ್ಪನ ಮಗ; ಸುಮ್ಮನಾದೇನೆಯೇ? ಆಸ್ಥಾನದಲ್ಲಿ ರಾಜಾಜ್ಞೆ ಓದುವಂತೆ ಓದಿದೆ. ಮುಕ್ಕಾಲು ಪಾಲು ಹಾಜರಿ ಇಲ್ಲದವನಿಗೆ ಪರೀಕ್ಷೆಯ ಬಾಗಿಲು ಮುಚ್ಚಿದೆ! ಮೊಬೈಲು ಚೀಲದ ಗರ್ಭದಲ್ಲಿರತಕ್ಕದ್ದು! ಲೆಕ್ಕವನ್ನು ಗೆಳೆಯರೊಂದಿಗೆ ಚರ್ಚಿಸಬಹುದು, ಆದರೆ ಬರೆಯುವಾಗ ನಿಮ್ಮ ಸ್ವಂತ ಮಾತಿನಲ್ಲಿ ಬರೆಯಿರಿ. ಎರಡು ಉತ್ತರ ಪತ್ರಿಕೆಗಳಲ್ಲಿ ಒಂದೇ ಮಾತು ಕಂಡರೆ ಇಬ್ಬರಿಗೂ ಸೊನ್ನೆ. ಮೊದಲ ಟೆಸ್ಟಿನಲ್ಲಿ ಸೊನ್ನೆ ಬಂದವರು ಕೊನೆಯ ಪರೀಕ್ಷೆಗೆ ಕೂಡುವಂತಿಲ್ಲ, ಒಂದು ವರ್ಷ ಮಣ್ಣುಪಾಲು. ಇಷ್ಟು ಹಾಳೆಯಲ್ಲಿದ್ದದ್ದು. "ಇದಕ್ಕೆ ಅಪೀಲಿಲ್ಲ" ಎಂಬ ಮಾತನ್ನು ಮಾತ್ರ ನಾನೇ ಸೇರಿಸಿದ್ದು, ಗತ್ತಿಗೆ. ಹುಡುಗರು ಚಪ್ಪಾಳೆ ಹೊಡೆದರು.

ಆಮೇಲೆ ಲಿಮಿಟ್ ಎಂಬ ಪಾಠ. ನೀನು ಹಾರ್ಮೋನಿಯಂ ಮನುಷ್ಯ, ನಿನಗೆ ತಿಳಿಯುವಂತೆ ಹೇಳುತ್ತೇನೆ. ಒಂದು ಸಂಖ್ಯೆ ಎರಡರ ಕಡೆಗೆ ನಡೆಯುತ್ತದೆ. ಹತ್ತಿರ, ಇನ್ನೂ ಹತ್ತಿರ. ಹೆಜ್ಜೆ ಹೆಜ್ಜೆಗೂ ಅದರ ವರ್ಗದಲ್ಲಿ ನಾಲ್ಕು ಕಳೆದು, ಬಂದದ್ದನ್ನು ಆ ಸಂಖ್ಯೆಯಲ್ಲಿ ಎರಡು ಕಳೆದದ್ದರಿಂದ ಭಾಗಿಸಬೇಕು. ಎರಡನ್ನು ಮುಟ್ಟುವಂತಿಲ್ಲ; ಮುಟ್ಟಿದರೆ ಭಾಗಾಕಾರದ ಕೆಳಗೆ ಸೊನ್ನೆ ಬರುತ್ತದೆ, ಸೊನ್ನೆಯಿಂದ ಭಾಗಿಸುವುದು ಗಣಿತದಲ್ಲಿ ನಿಷಿದ್ಧ. ಆದರೆ ಹತ್ತಿರ ಹೋದಷ್ಟೂ ಉತ್ತರ ನಾಲ್ಕನ್ನು ಸಮೀಪಿಸುತ್ತದೆ. ಆ ನಾಲ್ಕೇ ಲಿಮಿಟ್. ನಾನು ಇದನ್ನು ಒಬ್ಬ ರಾಜಕುಮಾರನ ಕಥೆ ಮಾಡಿದೆ. ಅವನು ನಿಷಿದ್ಧ ಕೋಣೆಯ ಹೊಸ್ತಿಲ ತನಕ ಬರುತ್ತಾನೆ. "ಕುಮಾರಾ, ದಾಟಬೇಡ! ದಾಟಿದರೆ ಕೆಳಗೆ ಸೊನ್ನೆಯ ಪಾತಾಳ!" ಎಂದು ಗುಡುಗಿ, ಹಿಂದೆ ಸರಿದು, ತುಸು ತಡೆದು, "ಏನಂತೀರಿ?" ಎಂದು ಸಭೆಯನ್ನು ಕೇಳುತ್ತಿದ್ದೆ. ಪಕ್ಕದ ಕ್ಲಾಸಿನ ಹುಡುಗರೂ ಕಿಟಕಿಗೆ ಬಂದು ನಿಲ್ಲುತ್ತಿದ್ದರು, ಕಲ್ಲ್ಯಾ.

ಮೊದಲ ಟೆಸ್ಟಿನಲ್ಲಿ ಕೇಳಿದ್ದು ಅದೇ ಪ್ರಶ್ನೆ. ಪತ್ರಿಕೆ ತಿದ್ದಿದವರು ನಮ್ಮ ಕೋರ್ಸಿನ ಮುಖ್ಯಸ್ಥೆ ಫಕ್ರುನ್ನಿಸಾ ಮೇಡಂ. ಮರುದಿನ ನನ್ನನ್ನು ಕರೆದು ಒಂದು ಕಟ್ಟು ಮುಂದಿಟ್ಟರು. ನನ್ನ ಅರ್ಧ ಕ್ಲಾಸು ಒಂದೇ ಉತ್ತರ ಬರೆದಿತ್ತು. ಅದೇ ರಾಜಕುಮಾರ, ಅದೇ ಪಾತಾಳ. ಎಲ್ಲರ ಉತ್ತರದ ನಡುವೆಯೂ "ಏನಂತೀರಿ?" ಎಂದು ಇತ್ತು. ಒಬ್ಬ ಮಹಾನುಭಾವ "ಇಲ್ಲಿ ಹಿಂದೆ ಸರಿಯುವುದು" ಎಂದೂ ಬರೆದಿದ್ದ.

ಅವರು ಕಾಪಿ ಹೊಡೆದಿರಲಿಲ್ಲ. ನನಗೂ ನಿನಗೂ ನೋಡಿದ ಕೂಡಲೇ ತಿಳಿಯುವ ಸಂಗತಿ ಅದು. ನಮ್ಮ ಊರುಗಳಲ್ಲಿ ನಾಟಕದ ತಾಲೀಮು ಹೇಗೆ ನಡೆಯುತ್ತದೆ? ಒಬ್ಬ ಓದುತ್ತಾನೆ, ಸುತ್ತ ಕೂತವರು ಅಂದದ್ದನ್ನೇ ಅನ್ನುತ್ತಾರೆ, ಬಾಯಿಪಾಠ ಆಗುವ ತನಕ ಏಳುವುದಿಲ್ಲ. ನಮ್ಮಪ್ಪನ ನಾಟಕದಲ್ಲಿ ಒಬ್ಬ ರಾಜ "ಸಿಟ್ಟಿನಿಂದ ಕತ್ತಿ ಹಿರಿದು" ಎಂಬ ಸೂಚನೆಯನ್ನೂ ಮಾತೆಂದು ತಿಳಿದು ರಂಗದ ಮೇಲೆ ಗಟ್ಟಿಯಾಗಿ ಅಂದುಬಿಟ್ಟಿದ್ದನಲ್ಲ. ಇವರೂ ಹಾಸ್ಟೆಲಿನಲ್ಲಿ ಹಾಗೆಯೇ ಕೂತು ನನ್ನ ಪಾಠವನ್ನು ತಾಲೀಮು ಮಾಡಿದ್ದರು.

ಇದನ್ನೆಲ್ಲ ಮೇಡಂಗೆ ಹೇಳಿದೆ. ನಿಯಮ ಓದಿಹೇಳಿದವರು ನೀವೇ, ಅಪೀಲಿಲ್ಲ ಅಂದವರೂ ನೀವೇ ಎಂದರು. ಹೊರಗೆ ಹುಡುಗರು ಗೋಡೆಗೆ ಒರಗಿ ನಿಂತಿದ್ದರು. ಅವರಲ್ಲಿ ಕೈನಾತ ಎಂಬ ಹುಡುಗಿ, ಜೇವರ್ಗಿ ಕಡೆಯವಳು, ಕಣ್ಣೆತ್ತದೆ ಹೇಳಿದಳು: "ಸರ್, ವರ್ಷ ಹ್ವಾದ್ರ ನಮ್ಮ ಮನ್ಯಾಗ ಓದು ಬಿಡಸ್ತಾರ್ರಿ. ನಾವು ಯಾರದೂ ನೋಡಿ ಬರದಿಲ್ರಿ." ನಾನು ಒಳಗೆ ಹೋಗಿ ಮೇಜು ಗುದ್ದಿ ವಾದಿಸಿದೆ. ಹುಡುಗರಿಗೆ ವಿಷಯ ಗೊತ್ತಿದೆ, ಬೇಕಿದ್ದರೆ ಬೋರ್ಡಿಗೆ ಕರೆದು ಕೇಳಿ ಎಂದೆ. ಮೇಡಂ ಒಪ್ಪಿದರು.

ಸಂಜುಕುಮಾರ ಮೊದಲು ಬಂದ. ಒಳ್ಳೆಯ ಕಂಠ, ನೀನು ಕೇಳಿದ್ದರೆ ಅವನಿಗೆ ಒಂದು ಪಾತ್ರ ಕೊಡುತ್ತಿದ್ದೆ. ಮೇಡಂ ಬರೆದದ್ದು ಮಗುವಿನಂಥ ಲೆಕ್ಕ: x ಐದರ ಹತ್ತಿರ ಹೋದಾಗ x ಕೂಡಿಸು ಒಂದು ಎಲ್ಲಿಗೆ ಹೋಗುತ್ತದೆ? ಆರು, ಅಷ್ಟೇ. ಸಂಜುಕುಮಾರ ಎದೆ ಸೆಟೆಸಿ ಶುರು ಮಾಡಿದ: "ಕುಮಾರಾ, ದಾಟಬೇಡ, ದಾಟಿದರೆ ಕೆಳಗೆ..."

"ಕೆಳಗ ಏನದಪ್ಪ?" ಮೇಡಂ ಕೇಳಿದರು. "ಇಲ್ಲಿ ಭಾಗಾಕಾರನ ಇಲ್ಲಲ್ಲ."

ಅವನು ಬೋರ್ಡು ನೋಡಿದ, ನನ್ನನ್ನು ನೋಡಿದ. "ಇಲ್ರಿ. ಆದ್ರ ಸರ್ ಪಾತಾಳ ಅದ ಅಂದಾರ್ರಿ." ಮತ್ತೆ ಮೊದಲಿನಿಂದ ಶುರು ಮಾಡಿ, ತಡೆಯಬೇಕಾದಲ್ಲಿ ತಡೆದು, ಉತ್ತರ ನಾಲ್ಕು ಎಂದ. ಅವನ ನಂತರ ಬಂದವರೂ ನಾಲ್ಕೇ ಎಂದರು. ಕೈನಾತ ಮಾತ್ರ ನಾಲ್ಕು ಎಂದು ಬರೆದು, ಅದನ್ನು ಅಳಿಸಿ, ಸೀಮೆಸುಣ್ಣ ಕೆಳಗಿಟ್ಟಳು.

ಎಲ್ಲರನ್ನೂ ಕಳಿಸಿದ ಮೇಲೆ ಮೇಡಂ ಮೆಲ್ಲಗೆ ಹೇಳಿದರು: "ಕಾಪಿ ಹೊಡದಿಲ್ಲ, ಖರೆ ಅದ. ಕಲತೂ ಇಲ್ಲ." ಸೊನ್ನೆ ತಡೆಹಿಡಿದು ಇನ್ನೊಂದು ಟೆಸ್ಟಿಗೆ ಅವಕಾಶ ಕೊಟ್ಟರು. ಅದಕ್ಕೊಂದು ಷರತ್ತು. ಅಲ್ಲಿಯ ತನಕ ಬೋರ್ಡು ಹುಡುಗರದು, ನಾನು ಹಿಂದಿನ ಬೆಂಚಿನಲ್ಲಿ ಕೂಡಬೇಕು, ಬಾಯಿ ತೆರೆಯುವಂತಿಲ್ಲ.

ಕೂತೆನಪ್ಪ. ಆ ದಿನಗಳನ್ನು ಹೇಗೆ ವರ್ಣಿಸಲಿ? ಕಾಲು ತಾನಾಗಿ ತಾಳ ಹಾಕುತ್ತಿತ್ತು. ಬಾಟಲಿಯ ನೀರು ಸುಮ್ಮಸುಮ್ಮನೆ ಕುಡಿದೆ. ಅವರು ತಪ್ಪು ಬರೆಯುತ್ತಾರೆ, ಅಳಿಸುತ್ತಾರೆ, ಜಗಳ ಆಡುತ್ತಾರೆ, ಸರಿ ಇದ್ದದ್ದನ್ನೇ ಮತ್ತೆ ಅಳಿಸುತ್ತಾರೆ. ನಾಟಕದ ಇಡೀ ಒಂದು ಅಂಕ ನನ್ನ ನಾಲಿಗೆಯ ತುದಿಗೆ ಬಂದು ನಿಂತಿದೆ. ಒಮ್ಮೆ ಎದ್ದೇಬಿಟ್ಟಿದ್ದೆ, ಬಾಗಿಲಲ್ಲಿ ಮೇಡಂ ಕಂಡರು, ಕೂತೆ. ಹಾಗಿರುವಾಗ ಒಂದು ದಿನ ಸಂಜುಕುಮಾರ ಹಟ ಹಿಡಿದ: ಎರಡನ್ನು ಮುಟ್ಟಲೇ ಬಾರದು ಅಂದರೆ ಉತ್ತರ ನಾಲ್ಕು ಅಂತ ಯಾರಿಗೆ ಹೇಗೆ ಗೊತ್ತು? ಕೈನಾತ ಹೇಳಿದಳು:

"ದೂರದಿಂದ ಬಸ್ ಬರಾಕತ್ತಿರ್ತದ. ಹತ್ರ ಬಂದಂಗ ಬೋರ್ಡ್ ಓದಾಕ ಬರ್ತದ, ಅಫಜಲಪುರ ಅಂತ. ಆಮ್ಯಾಲ ಅದು ನಮ್ಮ ಸ್ಟಾಪಿಗಿ ನಿಂತ್ರೇನು, ನಿಲ್ಲದ ಹ್ವಾದ್ರೇನು? ಎಲ್ಲಿಗಿ ಹೊಂಟದ ಅನ್ನೋದು ಗೊತ್ತಾತಿಲ್ಲೋ?"

ಇಷ್ಟು ವರ್ಷ ಗಣಿತ ಪಾಠ ಮಾಡಿದ್ದೇನೆ, ಇಂಥ ಮಾತು ನನಗೆ ಹೊಳೆದಿಲ್ಲ. ಸಂಜುಕುಮಾರ ಹೋಗಿ ಲೆಕ್ಕ ಬರೆದ. ಈ ಸಲ ತಡೆಯಲೂ ಇಲ್ಲ, ಹಿಂದೆ ಸರಿಯಲೂ ಇಲ್ಲ.

ನಿನ್ನ ಮನೆಯಲ್ಲಿ ನಿಶ್ಚಯ ನಡೆದ ದಿನವೇ ಆ ಟೆಸ್ಟು. ನಾನು ಕಾರಿಡಾರಿನಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದೆ. ನಿನ್ನೆ ಫಲಿತಾಂಶ ಬಂತು. ಒಬ್ಬರ ಹೆಸರಿನ ಮುಂದೂ ಸೊನ್ನೆಯಿಲ್ಲ, ಎಲ್ಲರೂ ಕೊನೆಯ ಪರೀಕ್ಷೆಗೆ ಕೂಡಬಹುದು. ಉತ್ತರಗಳ ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ, ಒಬ್ಬೊಬ್ಬರದು ಒಂದೊಂದು ದಾರಿ ಎಂದು ಮೇಡಂ ಖುಷಿಯಾಗಿದ್ದಾರೆ.

ಮಗಳಿಗೂ ಅಳಿಯನಾಗುವವನಿಗೂ ನನ್ನ ಆಶೀರ್ವಾದ ತಿಳಿಸು. ಅವರ ಮನೆಯಲ್ಲಿ ಇಬ್ಬರ ದನಿಯೂ ಕೇಳಿಸುವಂತಿರಲಿ. ಮದುವೆಗೆ ವಾರ ಮೊದಲೇ ಬಂದು ಹಂದರದ ಕೆಲಸಕ್ಕೆ ನಿಲ್ಲುತ್ತೇನೆ. ನಿನ್ನ ಮನೆಯಲ್ಲಿ ವೈನಿಯವರಿಗೆ ಶರಣು ಹೇಳು.

ನಿನ್ನ
ಧರ್ಮರಾಜ

ತಾ. ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನೆ ಫಲಿತಾಂಶ ಹೇಳಿದ ಮೇಲೆ, ಇನ್ನು ನನ್ನ ಶಿಕ್ಷೆ ಮುಗಿಯಿತು ಎಂದು ಗಂಟಲು ಸರಿಮಾಡಿಕೊಂಡು ಬೋರ್ಡಿನ ಕಡೆ ಹೊರಟೆ. ಕೈನಾತ ಎದ್ದು ನಿಂತಳು. "ಸರ್, ಸಿಟ್ಟಾಗಬ್ಯಾಡ್ರಿ. ಮುಂದಿನ ಪಾಠಕ್ಕೂ ನೀವು ಹಿಂದ ಕುಂದರ್ರಿ. ನಮಗ ಹಿಂಗಾದ್ರ ತಿಳಿತದ." ಇಡೀ ಕ್ಲಾಸು ತಲೆ ತಗ್ಗಿಸಿತ್ತು, ಇಲ್ಲ ಅಂದವರು ಒಬ್ಬರೂ ಇಲ್ಲ. ಅಷ್ಟು ಮರ್ಯಾದೆಯಿಂದ ಹೇಳಿದಳಲ್ಲ, ಸಿಟ್ಟಾಗುವುದಕ್ಕೂ ಎಡೆಯಿಲ್ಲ. ಆಗಲಿ ಎಂದು ಹೋಗಿ ಕೂತೆ. ನಾಳೆ ಸೋಮವಾರ. ಕ್ಲಾಸಿನ ಬಾಗಿಲು ಮುಂದೆ, ಬೋರ್ಡಿನ ಪಕ್ಕದಲ್ಲೇ ಇದೆ; ಹಿಂದಿನ ಬೆಂಚಿಗೆ ಹೋಗಬೇಕಾದರೆ ಎಲ್ಲರನ್ನೂ ದಾಟಿ ಹೋಗಬೇಕು. ಆ ನಡಿಗೆಯನ್ನು ಹೇಗೆ ನಡೆಯುವುದು ಎಂದು ನಮ್ಮಪ್ಪ ನನಗೆ ಕಲಿಸಿರಲಿಲ್ಲ, ಕಲ್ಲ್ಯಾ.