ಆನೆಯ ಎರಡನೇ ಪಲ್ಟಿ

ತಿರುವನಂತಪುರದ ಮಕ್ಕಳ ಕುತೂಹಲ ಕೇಂದ್ರದ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಕೇಂದ್ರದಲ್ಲಿರುವ ಆನೆ ಎರಡು ಪಲ್ಟಿ ಹೊಡೆಯುತ್ತದೆ. ನಿಮ್ಮ ಬೋರ್ಡು ಒಂದೇ ಎನ್ನುತ್ತದೆ. ನಾನು ದೂರು ಕೊಟ್ಟ ಮೇಲೆ ತಾವು ಬೋರ್ಡನ್ನು ತಿದ್ದಲಿಲ್ಲ, ಆನೆಯನ್ನೇ ಕಟ್ಟಿಹಾಕಿದಿರಿ. ನನ್ನ ತಕರಾರು ಇಷ್ಟೇ.

ಇದನ್ನು ಕನ್ನಡದಲ್ಲಿ ಏಕೆ ಬರೆದಳು ಎಂದು ತಾವು ಹುಬ್ಬೇರಿಸಬಹುದು. ಮೊದಲು ಇಂಗ್ಲಿಷಿನಲ್ಲಿ ಬರೆದೆ, ಉತ್ತರವಿಲ್ಲ. ಆಮೇಲೆ ಪಕ್ಕದ ಮನೆಯ ಫಾತಿಮಾ ಅವರನ್ನು ಕಾಡಿ ಬೇಡಿ ಮಲಯಾಳದಲ್ಲಿ ಬರೆಸಿದೆ, ಅದಕ್ಕೂ ಉತ್ತರವಿಲ್ಲ. ಹೇಗೂ ಓದುವುದಿಲ್ಲ ಎಂದ ಮೇಲೆ ನಾನೇಕೆ ಪರಭಾಷೆಯಲ್ಲಿ ತಿಣುಕಾಡಲಿ? ನನ್ನ ಭಾಷೆಯಲ್ಲೇ ಬರೆಯುತ್ತೇನೆ, ತಾವು ಆರಾಮಾಗಿ ಓದದೇ ಇರಿ. ಇದನ್ನು ಅಚ್ಚು ಹಾಕುತ್ತಿರುವ ಈ ಕನ್ನಡ ಪತ್ರಿಕೆಯ ಓದುಗರಾದರೂ ಓದುತ್ತಾರೆ.

ಅವರಿಗಾಗಿ ಒಂದೆರಡು ಮಾತು. ನಾನು ಧಾರವಾಡದವಳು, ಕೊಚ್ಚಿಯಲ್ಲಿ ಬ್ಯಾಂಕ್ ನೌಕರಿ. ಗಂಡ ಕಾಶೀನಾಥ ಗದುಗಿನವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಎಂಜಿನಿಯರು. ಆರನೇ ಕ್ಲಾಸಿನ ಮಗಳು ಇಂಚರಾ ನಾವು ಕನ್ನಡದಲ್ಲಿ ಬೈದದ್ದನ್ನೆಲ್ಲ ಅರ್ಥ ಮಾಡಿಕೊಂಡು ಮಲಯಾಳದಲ್ಲಿ ಎದುರುತ್ತರ ಕೊಡುತ್ತಾಳೆ. ಕೊಡುತ್ತಿದ್ದಳು ಎನ್ನಬೇಕು. ಈ ಪತ್ರಕ್ಕೆ ಕಾರಣ ಅದೇ.

ಹೋದ ಅಕ್ಟೋಬರಿನಲ್ಲಿ ಅವಳ ಶಾಲೆಯವರು ಮಕ್ಕಳನ್ನು ವಂಚಿನಾಡು ಎಕ್ಸ್‌ಪ್ರೆಸ್ಸಿನಲ್ಲಿ ನಿಮ್ಮಲ್ಲಿಗೆ ಕರೆತಂದರು. ಗೋಡೆಯ ಮೇಲೆ ಒಂದೇ ಅಳತೆಯ ಎರಡು ಹಲ್ಲುಗಾಲಿಗಳು. ಒಂದು ಅಲ್ಲಾಡುವುದಿಲ್ಲ. ಇನ್ನೊಂದು ಅದರ ನೆತ್ತಿಯ ಮೇಲೆ ಕೂತಿದೆ. ಅದರಲ್ಲಿ ಒಂದು ಆನೆಯ ಚಿತ್ರ. ಹಿಡಿಕೆ ತಿರುಗಿಸಿದರೆ ಆನೆಗಾಲಿ ಕೆಳಗಿನ ಗಾಲಿಯ ಅಂಚಿನ ಮೇಲೆ ಉರುಳುತ್ತ, ಸುತ್ತು ಹಾಕಿ ನೆತ್ತಿಗೇ ಮರಳುತ್ತದೆ. ‘ಆನೆ ಎಷ್ಟು ಪಲ್ಟಿ ಹೊಡೆಯಿತು?’ ಎಂಬುದು ಪ್ರಶ್ನೆ. ಪಕ್ಕದ ಬೋರ್ಡಿನಲ್ಲಿರುವ ಪುಟ್ಟ ಬಾಗಿಲು ತೆರೆದರೆ ಒಳಗೆ ಉತ್ತರ: ‘ಒಂದು. ಏಕೆಂದರೆ ಎರಡೂ ಗಾಲಿಗಳು ಸಮ.’

ನನ್ನ ಮಗಳು ಹಿಡಿಕೆ ತಿರುಗಿಸಿದಳು. ಆನೆ ತಲೆಕೆಳಗಾಯಿತು, ಗಾಲಿಯ ಬುಡ ಮುಟ್ಟುವ ಹೊತ್ತಿಗೆ ನೆಟ್ಟಗಾಯಿತು. ಮತ್ತೆ ತಲೆಕೆಳಗಾಯಿತು, ನೆತ್ತಿಗೆ ಬರುವಾಗ ಮತ್ತೆ ನೆಟ್ಟಗಾಯಿತು. ಬಾಗಿಲು ತೆರೆದು ನೋಡಿದವಳೇ ಕೂಗಿದಳು: “ಸಾರ್, ಒನ್ ಅಲ್ಲ, ಟೂ ಆಣ್!”

ನಿಮ್ಮ ಗೈಡ್ ಏನು ಮಾಡಬೇಕಿತ್ತು? ಇನ್ನೊಮ್ಮೆ ತಿರುಗಿಸಬೇಕಿತ್ತು. ಅವರು ಬೋರ್ಡಿನ ಕಡೆ ಬೆರಳು ತೋರಿಸಿದರು. ಇವಳು ಆನೆಯ ಕಡೆ ತೋರಿಸಿದಳು. ಅವರು ಬೋರ್ಡು, ಇವಳು ಆನೆ. ಕೊನೆಗೆ ಮುಜುಗರಕ್ಕೆ ಬಿದ್ದ ಟೀಚರು ಇಡೀ ಕ್ಲಾಸಿನ ಎದುರು ಇವಳಿಂದ ‘ಸಾರಿ’ ಹೇಳಿಸಿದರು.

ಮನೆಗೆ ಬಂದು ಅತ್ತಳು. ಕಾಶೀನಾಥ ನಿಮ್ಮ ಪಕ್ಷವನ್ನೇ ವಹಿಸಿದರು. “ಎರಡೂ ಗಾಲಿ ಸರಿಸಮ ಅದಾವಂದ್ರ ಒಂದ ಸುತ್ತು. ಇದರಾಗ ಜಗಳಾಡೂದೇನೈತಿ?” ಎಂದರು. ನಾನು ಪರ್ಸಿನಿಂದ ಎರಡು ಒಂದು ರೂಪಾಯಿ ನಾಣ್ಯ ತೆಗೆದು ಊಟದ ಮೇಜಿನ ಮೇಲೆ ಇಟ್ಟೆ. ಇಂಚರಾ ಕೆಳಗಿನ ನಾಣ್ಯವನ್ನು ಬೆರಳಿನಿಂದ ಒತ್ತಿ ಹಿಡಿದು, ಸಿಂಹಗಳು ನೆಟ್ಟಗಿದ್ದ ಮೇಲಿನ ನಾಣ್ಯವನ್ನು ಅದರ ಸುತ್ತ ಉರುಳಿಸಿದಳು. ಸಿಂಹಗಳು ಬುಡದಲ್ಲೊಮ್ಮೆ, ನೆತ್ತಿಯಲ್ಲೊಮ್ಮೆ ಎದ್ದು ನಿಂತವು.

“ತಡಿ ತಡಿ, ಎಲ್ಲೋ ಜಾರೇತಿ. ಇನ್ನೊಮ್ಮೆ ಉಳ್ಳಸು,” ಎಂದರು ಎಂಜಿನಿಯರ್ ಸಾಹೇಬರು. ಇನ್ನೊಮ್ಮೆ ಉರುಳಿಸಿದಳು. ಸಾರು ಆರುತ್ತಿತ್ತು. “ಇದರ ಮನಿ ಹಾಳಾಗ! ಖರೇನ ಎರಡು ಐತಲ್ಲ!”

ಮಾನ್ಯರೇ, ಇದರಲ್ಲಿ ಮಾಟ ಮಂತ್ರವೇನೂ ಇಲ್ಲ. ದೇವರ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿ. ತಾವು ಎಲ್ಲೂ ಗಿರಕಿ ಹೊಡೆದಿರುವುದಿಲ್ಲ, ಸುಮ್ಮನೆ ಮುಂದಕ್ಕೆ ನಡೆದಿರುತ್ತೀರಿ. ಆದರೂ ತಮ್ಮ ಮುಖ ನಾಲ್ಕೂ ದಿಕ್ಕು ನೋಡಿಕೊಂಡು ಬಂದಿರುತ್ತದೆ. ಅದೇ ಒಂದು ಸುತ್ತು. ಅಂಚಿನ ಉದ್ದಕ್ಕೂ ಉರುಳಿದ್ದರಿಂದ ಆನೆಗೆ ಒಂದು ಸುತ್ತು, ಪ್ರದಕ್ಷಿಣೆ ಬಂದದ್ದರಿಂದ ಇನ್ನೊಂದು. ಬೋರ್ಡು ಬರೆದವರು ಗಾಲಿಗಳನ್ನು ಅಳೆದರೇ ಹೊರತು ಹಿಡಿಕೆ ತಿರುಗಿಸಿ ನೋಡಲಿಲ್ಲ. ಇಂಥ ತಪ್ಪು ದೊಡ್ಡ ದೊಡ್ಡವರಿಗೂ ಆಗುತ್ತದೆ, ನನ್ನ ಗಂಡನಿಗೂ ಆಯಿತು. ಅವರು ಊಟ ತಣ್ಣಗಾಗುವುದರೊಳಗೆ ತಿದ್ದಿಕೊಂಡರು. ತಮ್ಮ ಕೇಂದ್ರಕ್ಕೆ ಮಾತ್ರ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಮುಂದಿನ ತಿಂಗಳು ಬ್ಯಾಂಕಿನ ಕೆಲಸಕ್ಕೆ ತಿರುವನಂತಪುರಕ್ಕೆ ಬಂದಾಗ ನಾನೇ ನಿಮ್ಮಲ್ಲಿಗೆ ಬಂದೆ. ಅದೇ ಗೈಡ್ ಸಿಕ್ಕರು, ಬಹಳ ಸೌಮ್ಯ ಮನುಷ್ಯ. ನಾನು ತಿರುಗಿಸುತ್ತೇನೆ, ನೀವೇ ಎಣಿಸಿ ಎಂದೆ. ಆನೆ ಬುಡದಲ್ಲಿ ನೆಟ್ಟಗೆ ನಿಂತಿತು. ಅವರು ಎಣಿಸಲಿಲ್ಲ. ನೆತ್ತಿಗೆ ಬಂದಾಗ “ಒನ್” ಎಂದರು. ಹಾಗಾದರೆ ಕೆಳಗೆ ನಿಂತದ್ದು? “ಚೇಚಿ, ಅದು ದಾರಿಯಲ್ಲಿ ಬಂದದ್ದಲ್ಲವೇ? ಲೆಕ್ಕಕ್ಕೆ ಬರುವುದಿಲ್ಲ,” ಎಂದು ಮಲಯಾಳದಲ್ಲಿ ಸಮಾಧಾನ ಹೇಳಿದರು. ಸ್ವಾಮಿ, ಇದೇ ನ್ಯಾಯವಾದರೆ ನನ್ನ ರೈಲು ಕೊಲ್ಲಂನಲ್ಲಿ ನಿಂತೇ ಇಲ್ಲ. ಅದೂ ದಾರಿಯಲ್ಲೇ ಬಂದದ್ದು!

ನಿಮ್ಮ ಕಚೇರಿಯಲ್ಲಿ ವಿಚಾರಿಸಿದರೆ ಬರವಣಿಗೆಯಲ್ಲಿ ಕೊಡಿ ಎಂದರು. ಕೊಟ್ಟೆ. ಬರವಣಿಗೆ ಸಾಲದೇನೋ ಎಂದು ಚಾಲೈ ಪೇಟೆಗೆ ಹೋಗಿ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿ ಮುಚ್ಚಳ ಕೊಂಡೆ. ಡಬ್ಬಿ ಬೇಡ, ಮುಚ್ಚಳಗಳಷ್ಟೇ ಸಾಕು ಎಂದಾಗ ಅಂಗಡಿಯವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಒಂದಕ್ಕೆ ಆನೆಯ ಚಿತ್ರ ಅಂಟಿಸಿ ತಮ್ಮ ವಿಳಾಸಕ್ಕೆ ರಿಜಿಸ್ಟರ್ಡ್ ಪಾರ್ಸೆಲ್ ಮಾಡಿದೆ. ತಲುಪಿದ್ದಕ್ಕೆ ರುಜು ಬಂದಿದೆ. ಮುಚ್ಚಳಗಳು ಈಗ ನಿಮ್ಮ ಕ್ಯಾಂಟೀನಿನ ಯಾವ ಡಬ್ಬಿಯ ಮೇಲಿವೆಯೋ, ಉಪಯೋಗಕ್ಕೆ ಬಂದಿದ್ದರೆ ಸಂತೋಷ.

ಜನವರಿಯಲ್ಲಿ ಮತ್ತೆ ಬಂದಾಗ ಹಿಡಿಕೆ ಮಾಯವಾಗಿತ್ತು. ಗಾಲಿಗಳನ್ನು ವೆಲ್ಡ್ ಮಾಡಿಸಿದ್ದಿರಿ. ಆನೆ ನೆತ್ತಿಯ ಮೇಲೆ ಗಣಪತಿಯಂತೆ ಸ್ಥಾಪನೆಗೊಂಡಿತ್ತು. ಕೆಳಗೆ ಹೊಸ ಫಲಕ: ‘ಮುಟ್ಟಬಾರದು. ದಯವಿಟ್ಟು ಉತ್ತರವನ್ನು ಓದಿಕೊಳ್ಳಿ.’ ಮಕ್ಕಳು ಸಾಲಾಗಿ ಬಂದು ಓದಿಕೊಂಡು ಹೋಗುತ್ತಿದ್ದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ತಾವು ಪ್ರತ್ಯಕ್ಷ ಕಾಣುವ ತೊಂದರೆಯನ್ನೇ ತಪ್ಪಿಸಿದ್ದೀರಿ. ಇದಕ್ಕೆ ಕುತೂಹಲ ಕೇಂದ್ರ ಎಂದೇಕೆ ಹೆಸರು?

ಒಂದು ಆನೆಗೆ ಇಷ್ಟು ರಂಪವೇ ಎನ್ನುವಿರಾದರೆ ಕೇಳಿ. ಕ್ರಿಸ್ಮಸ್ ರಜೆಯಲ್ಲಿ ಮಂಗಳೂರಿಗೆ ರೈಲಿನಲ್ಲಿ ಹೊರಟಿದ್ದೆವು. ಆ ದಾರಿಯಲ್ಲಿ ಸಮುದ್ರ ಕಾಣುವುದು ಎಡಗಡೆ. ಕಾಶೀನಾಥರಿಗೆ ಮಗಳನ್ನು ಕೆಣಕುವುದು ಹಳೇ ಚಟ, ಪ್ರತಿ ಸಲವೂ “ಸಮುದ್ರ ಬಲಕ್ಕ ಐತಿ ನೋಡು” ಎನ್ನುತ್ತಾರೆ. ಅವಳು ಪ್ರತಿ ಸಲವೂ ಸೀಟಿನ ಮೇಲೆ ಎದ್ದು ನಿಂತು, ಬೋಗಿಯ ಜನರನ್ನೆಲ್ಲ ಸಾಕ್ಷಿಗೆ ಕರೆದು, ಅಪ್ಪನ ಗದ್ದ ಹಿಡಿದು ಎಡಕ್ಕೆ ತಿರುಗಿಸಿ ಜಗಳ ತೆಗೆಯುತ್ತಿದ್ದಳು. ಈ ಸಲ ಅವಳು ಎಡಗಡೆಯ ಕಿಟಕಿಯಲ್ಲೇ ಕೂತಿದ್ದಳು. ಎದುರಿಗೇ ಸಮುದ್ರ ಹೊಳೆಯುತ್ತಿತ್ತು. ಅದನ್ನು ನೋಡಿದಳು, ಅಪ್ಪನನ್ನು ನೋಡಿದಳು, “ಓಕೆ ಅಪ್ಪಾ” ಎಂದಳು.

ಕಾಶೀನಾಥ ನಗಲಿಲ್ಲ. “ಅಲ್ಲವ್ವಾ, ಎಡಕ್ಕ ಐತಿ, ನಾ ಚೇಷ್ಟಿ ಮಾಡಿದೆ,” ಎಂದರು. ಅದಕ್ಕೂ ಅವಳು “ಓಕೆ” ಎಂದಳು. ನಮ್ಮ ಮನೆಯಲ್ಲಿ ಈಗ ಬಹಳ ಶಾಂತಿಯಿದೆ, ಯಾರೂ ಎದುರಾಡುವುದಿಲ್ಲ. ಆ ಶಾಂತಿಯನ್ನು ನನ್ನಿಂದ ತಡೆಯಲಾಗುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಬೋರ್ಡನ್ನು ತಿದ್ದುವುದು ಕಷ್ಟವಾದರೆ ಬಿಡಿ, ಹಾಗೇ ಇರಲಿ. ವೆಲ್ಡಿಂಗ್ ಒಡೆಸಿ, ಹಿಡಿಕೆ ವಾಪಸ್ ಹಾಕಿಸಿ. ಬೇಸಿಗೆ ರಜೆ ಶುರುವಾಗುವ ಮೊದಲು ಆ ಕ್ಲಾಸಿನ ಮಕ್ಕಳನ್ನು ಒಮ್ಮೆ ಕರೆಸಿಕೊಳ್ಳಿ. ಅವರೆಲ್ಲರ ಎದುರು ಹಿಡಿಕೆಯನ್ನು ಇಂಚರಾಳ ಕೈಗೆ ಕೊಡಿ, ಎಣಿಕೆಯನ್ನು ತಾವೇ ಗಟ್ಟಿಯಾಗಿ ಮಾಡಿ, ಬುಡದಿಂದಲೇ ಶುರುಮಾಡಿ. ಆಮೇಲೆ ಅವಳು ಬೋರ್ಡಿನ ವಿಷಯಕ್ಕೆ ತಮ್ಮೊಂದಿಗೆ ಜಗಳ ತೆಗೆದರೆ ದಯವಿಟ್ಟು ತಡೆಯಬೇಡಿ. ಆ ಜಗಳಗಂಟಿಯೇ ನನ್ನ ಮಗಳು. ಅವಳನ್ನು ನನಗೆ ವಾಪಸ್ ಕೊಡಿ.

ಇಂತಿ,
ಎರಡು ಮುಚ್ಚಳ ಕಳೆದುಕೊಂಡು, ಅದರ ಚಿಂತೆಯಿಲ್ಲದ
ಸುಮಿತ್ರ ಕಾಶೀನಾಥ
ಎಡಪ್ಪಳ್ಳಿ, ಕೊಚ್ಚಿ
ಫೆಬ್ರವರಿ 2007