ಮಾತು ಬಿಟ್ಟ ಪೆಟಿಗಿ

ಕೊರ್ತಾಲಿಮ್, ಗೋವಾ
ತಾ. 3-11-1993, ಬುಧವಾರ

ಪ್ರೀತಿಯ ಮುರುಗೆವ್ವಗ ನಿನ್ನ ಮನಿಯವನ ಆಶೀರ್ವಾದ.

ನಮ್ಮ ಶಾರದವ್ವನ ಬೆನ್ನುನೋವು ಇಳೀತೇನು? ಬಾಣಂತಿ ಮಗಳು, ಥಂಡಿ ಹತ್ತಗೊಡಬ್ಯಾಡ. ಕೂಸು ನಿದ್ದಿ ಮಾಡತೈತೋ, ಇಲ್ಲಾ ಅವರವ್ವನಂಗ ಊರ ಎಬ್ಬಸತೈತೋ? ನಿಮ್ಮವ್ವನ ಮೊಣಕಾಲು, ನಿಮ್ಮಣ್ಣ ವಿರೂಪಾಕ್ಷಪ್ಪನ ಕೆಮ್ಮು ಹ್ಯಾಂಗದಾವ? ನಾ ಆರಾಮ ಅದೇನಿ. ಖಾನಾವಳಿ ಊಟ ನಡದೈತಿ, ರೊಟ್ಟಿ ಮಾತ್ರ ನೀ ನೋಡಿದರ ಅತ್ತಬಿಡ್ತಿ.

ದೀಪಾವಳಿ ಪಾಡ್ಯಕ್ಕ ಕೂಸಿನ್ನ ತೊಟ್ಟಿಲಕ್ಕ ಹಾಕೂದು, ಆವಾಗ ಹಣಿಗೆ ವಿಭೂತಿ ಅಪ್ಪಾನ ಹಚ್ಚಬೇಕಂತ ಶಾರದವ್ವ ಹಟ ಹಿಡದಾಳ ಅಂತ ಬರದಿದ್ದಿ. ಓದಿ ಅಂಗಡ್ಯಾಗ ಒಬ್ಬನ ಕುಂತು ನಕ್ಕೆ. ಆದರ ಖರೇ ಹೇಳ್ತೇನಿ, ಬರಾಕ ಆಗೂದು ಕಾಣವಲ್ದು. ನಿಮ್ಮಣ್ಣ ಹಚ್ಚಲಿ. ಅವನ ಕೈಯೂ ಚಲೋನ ಐತಿ.

ಕಾರಣ ಅದ ಪೆಟಿಗಿ. ಎಮ್ಯುಲೇಟರ್ ಅಂತ ನೂರು ಸಲ ಹೇಳೇನಿ, ನೀ ನೂರು ಸಲ ನಕ್ಕಿ. ಕಂಪನಿ ನಾಟಕದಾಗ ಮುಖ್ಯ ಪಾತ್ರದಾವ ಬರದಿದ್ದರ ಇನ್ನೊಬ್ಬಂವ ಬಣ್ಣ ಹಚ್ಚಿಕೊಂಡು ನಿಂದರತಾನಲ್ಲ, ಇದೂ ಹಂಗ. ಬೋರ್ಡಿನ ಚಿಪ್ ಕಿತ್ತಿ, ಆ ಜಾಗಾದಾಗ ಇದರ ಪಟ್ಟಿ ಸಿಗಿಸಿದರ ಬೋರ್ಡಿಗೆ ತನ್ನ ಚಿಪ್ಪೇ ಕುಂತಂಗ ಅನಸತೈತಿ. ಒಳಗ ಎಲ್ಲಿ ತಪ್ಪೇತಿ ಅನ್ನೂದನ್ನ ಪೆಟಿಗಿ ಒಂದು ಕೇಬಲ್ ಮ್ಯಾಲ ಕಂಪ್ಯೂಟರ್ ಪರದೆಗೆ ಹೇಳತೈತಿ. ಮಹಮ್ಮದ ಸೇಠರ ಮೀನ ಇಡೂ ಬರ್ಫದ ಕಾರಖಾನಿಗೆ ಥಂಡಿ ಕಾಯೂ ಬೋರ್ಡ್ ಮಾಡಾಕತ್ತೇನಲ್ಲ, ಅದರೊಳಗ ಎಲ್ಲೋ ಒಂದು ತಪ್ಪೈತಿ. ಹುಡುಕೂಣಂದರ ಪೆಟಿಗೀನ ಮಾತು ಬಿಟ್ಟೈತಿ. ನೀ ಇದ್ದಾಗ ಆಡತಿತ್ತು. “ಅದರ ಜೋಡಿ ದಿನಾ ಮಾತಾಡ್ತೀರಿ, ನನ್ನ ಜೋಡಿ ಪುರಸೊತ್ತಿಲ್ಲ” ಅಂತಿದ್ದಿ. ಹಬ್ಬ ಮುಗಿಸಿ ನೀ ಬಾಣಂತನಕ್ಕ ತವರಿಗೆ ಹೋದಿ, ಅದೂ ಬಾಯಿ ಮುಚ್ಚಿತು.

ಒಮ್ಮೆ ಪರದೆ ಕರ್ರಗ, ಒಮ್ಮೆ ಕಸದಂಥ ಅಕ್ಷರ. ಕಸ ಬಂದರ ಪೆಟಿಗಿ, ಕಂಪ್ಯೂಟರ್ ಎರಡೂ ಕಡೆ ಮಾತಿನ ಸ್ಪೀಡ್ ಹೊಂದಿಲ್ಲ ಅಂತ ನನ್ನ ಲೆಕ್ಕ. ಸ್ಪೀಡ್ ಬದಲಿಸಿದೆ, ಕಸದ ಆಕಾರಷ್ಟ ಬದಲಾತು. ಹೇಳೂ ವಾಯರ್, ಕೇಳೂ ವಾಯರ್ ಅದಲು ಬದಲಾಗಿರಬೇಕಂತ ತಿರುಗಿಸಿ ಬೆಸೆದೆ, ಕಸಾನೂ ನಿಂತಿತು. ಮಡಗಾಂವಿಂದ ಹೊಸಾ ಕೇಬಲ್ ತಂದೆ, ಅದಕ್ಕೂ ಬಾಯಿ ಬಿಡಲಿಲ್ಲ. ಈ ಸಮುದ್ರದ ಗಾಳಿಗೆ ಒಳಗ ಕಿಲುಬು ಹಿಡದೈತೇನೋ ಅಂತ ಮುಚ್ಚಳ ಬಿಚ್ಚಿ ನೋಡಿದೆ, ಎಲ್ಲಾ ಲಕಲಕ ಅಂತೈತಿ. ಮೈಮ್ಯಾಲಿನ ಧೂಳ ಒರಸೇನಿ. ಮಹಾನವಮಿ ಪೂಜಿ ಮಾಡಿ ನೀ ಎಳದ ವಿಭೂತಿ ಪಟ್ಟಿ ಮಾತ್ರ ಮುಟ್ಟಿಲ್ಲ, ಪೂಜಿ ವಿಭೂತಿ ತಾನ ಉದುರಬೇಕಲ್ಲ. ಅದರ ಮ್ಯಾಲೇ ಕೇಬಲ್ ಸಿಗಿಸೇನಿ.

ಸೇಠರು ದಿನಾ ಬಾಗಲಾಗ ನಿಂದರತಾರ. ನಿನ್ನೆ “ಏನ್ರಿ ಸೋಮಲಿಂಗಪ್ಪಣ್ಣ, ಇನ್ನೂ ಮೌನವ್ರತಾನ? ನಮ್ಮಲ್ಲಿ ಮೀನ ಮಾತಾಡಾಕತ್ತಾವ, ವಾಸನಿಲೆ!” ಅಂದರು. ನಾ ತಲಿ ಬಗ್ಗಿಸಿ ಮತ್ತ ವಾಯರ್ ಹಿಡಕೊಂಡು ಕುಂತೆ. ಭಾಳ ದಣದೇನಿ ಮುರುಗಿ. ಕೊಟ್ಟ ಮಾತು ಬಿಟ್ಟು ಬಸ್ ಹತ್ತಾಕ ಮನಸು ಒಪ್ಪವಲ್ದು. ಶಾರದವ್ವಗ ನೀನ ಸಮಾಧಾನ ಹೇಳು.

ನಿಮ್ಮವ್ವಗ ನನ್ನ ಶರಣು, ಮಗಳಿಗೂ ಮೊಮ್ಮಗಳಿಗೂ ಆಶೀರ್ವಾದ.

ನಿನ್ನ,
ಸೋಮಲಿಂಗಪ್ಪ

ತಾ.ಕ. ಮ್ಯಾಲಿಂದೆಲ್ಲಾ ಬಿಡು! ಸಾಕಾಗಿ ಪತ್ರ ಅಂಟಿಸೂಣಂತ ಕೇಬಲ್ ಕಿತ್ತಿ ಸುತ್ತಿಟ್ಟೆ, ಬೆರಳಿಗೆ ಬೆಳ್ಳಗ ಹತ್ತಿತು. ನೋಡತೇನಿ, ನೀ ಪಟ್ಟಿ ಎಳದದ್ದು ಪೆಟಿಗಿಯ ಬಾಯಿಗೇ! ಹಸಿ ವಿಭೂತಿ ಕೇಬಲ್ ಸಿಗಿಸೂ ತೂತಿನೊಳಗ ಇಳದು ಗಟ್ಟಿ ಆಗೇತಿ. ನಾ ಭಕ್ತಿಲೆ ಒರಸದ ಬಿಟ್ಟೆ. ಸೂಜಿಲೆ ಕೆದರಿ, ಸ್ಪಿರಿಟಿಲೆ ತೊಳದೆ. ತಿರುಗಿಸಿ ಬೆಸೆದ ವಾಯರ್, ಸ್ಪೀಡ್ ಎಲ್ಲಾ ಮೊದಲಿನಂಗ ಇಟ್ಟೆ. ಪಟಪಟ ಮಾತಾಡಾಕತ್ತೈತಿ, ನೀ ತವರಿಂದ ಬಂದಾಗಿನಂಗ. ಸಿಟ್ಟಿಲ್ಲ ಮತ್ತ. ಈಗ ಅದರ ನೆತ್ತಿ ಮ್ಯಾಲ ನಾನ ವಿಭೂತಿ ಎಳದೇನಿ. ಉಳದ ಕೆಲಸ ದೊಡ್ಡದಲ್ಲ, ಪಾಡ್ಯಕ್ಕಿಂತ ಮೊದಲ ಮೊಲೆಂ ಘಾಟ ಮ್ಯಾಲಿಂದ ನಿಮ್ಮೂರಿಗೆ ಬರೂ ಬಸ್ ಹಿಡೀತೇನಿ. ತಡಾ ಆದರ ತೊಟ್ಟಿಲು ತೂಗಬ್ಯಾಡ್ರಿ. ಕೂಸಿನ ಹಣಿ ನನಗ ಬಿಡಂತ ನಿಮ್ಮಣ್ಣಗ ಹೇಳು. “ಅಣ್ಣಗ ಹೇಳೇನಿ” ಅಂತ ಎರಡಕ್ಷರ ಲಗೂನ ಬರದು ಹಾಕು.